ಏಳು ವರ್ಷದ ಶಾಂತಿ, ನೂರರವತ್ತು ವರ್ಷದ ಗಡಿ: 1792ರ ಶ್ರೀರಂಗಪಟ್ಟಣ ಒಪ್ಪಂದದ ಕಥೆ

ಮೈಸೂರು: ಇಲ್ಲಿಂದ ಬೆಂಗಳೂರು ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್ ಸಾಗಿದರೆ ಕಾವೇರಿಯ ಎರಡು ಕವಲುಗಳ ನಡುವಿನ ಶ್ರೀರಂಗಪಟ್ಟಣ ಎದುರಾಗುತ್ತದೆ. ಅಲ್ಲಿಗೆ ಹೋಗುವ ಪ್ರವಾಸಿಗರು ರಂಗನಾಥನ ದರ್ಶನ ಪಡೆದು, ದರಿಯಾ ದೌಲತ್ ನೋಡಿ, ಟಿಪ್ಪು ಸುಲ್ತಾನ್ ಮಡಿದ ಸ್ಥಳಕ್ಕೆ ತೆರಳುವುದು ವಾಡಿಕೆ. ಎಲ್ಲರ ಮನಸ್ಸಿನಲ್ಲಿ ಇರುವುದು 1799ರ ಮೇ 4ರ ದಿನ. ಆದರೆ ಮೈಸೂರು ರಾಜ್ಯದ ಹಣೆಬರಹ ಅದಕ್ಕೂ ಏಳು ವರ್ಷ ಮೊದಲೇ, ಇದೇ ದ್ವೀಪದ ಹೊರಗಿನ ಡೇರೆಗಳಲ್ಲಿ, ಕಾಗದದ ಮೇಲೆ ಬಹುಪಾಲು ಬರೆದಾಗಿತ್ತು. ಅದೇ 1792ರ ಮಾರ್ಚ್ 18ರ ಶ್ರೀರಂಗಪಟ್ಟಣ ಒಪ್ಪಂದ.

ಯುದ್ಧವನ್ನು ಮುಗಿಸಿ ಶಾಶ್ವತ ಶಾಂತಿ ನೆಲೆಗೊಳಿಸುವುದು ಅದರ ಘೋಷಿತ ಉದ್ದೇಶವಾಗಿತ್ತು. ಸೋತ ರಾಜ್ಯದ ಅರ್ಧ ಭಾಗವನ್ನು ಗೆದ್ದ ಮೂವರು ಹಂಚಿಕೊಂಡರು. ಶಾಂತಿ ಏಳು ವರ್ಷವೂ ಪೂರ್ತಿ ಬಾಳಲಿಲ್ಲ. ಆದರೆ ಆ ಹಂಚಿಕೆಯಲ್ಲಿ ಎಳೆದ ಗೆರೆಗಳ ಪೈಕಿ ಹಲವು, ಕೈಯಿಂದ ಕೈಗೆ ದಾಟುತ್ತ, 1956ರ ನವೆಂಬರ್ 1ರವರೆಗೂ ಕನ್ನಡ ನಾಡನ್ನು ಬೇರೆ ಬೇರೆ ಆಡಳಿತಗಳಲ್ಲಿ ಇರಿಸಿದವು. ಟಿಪ್ಪುವಿನ ಪರ ಮತ್ತು ವಿರೋಧದ ವಾಗ್ವಾದಗಳ ಗದ್ದಲದಲ್ಲಿ ಈ ಒಪ್ಪಂದದ ಪಾಠ ಮರೆಯಾಗಿಬಿಡುತ್ತದೆ. ಅದು ಏನು ಹೇಳಿತು, ಏಕೆ ಮುರಿದುಬಿತ್ತು, ಮುರಿದ ಮೇಲೂ ಏನನ್ನು ಉಳಿಸಿಹೋಯಿತು ಎಂಬುದರ ವಿವರ ಇಲ್ಲಿದೆ.

ಯುದ್ಧ ಹುಟ್ಟಿದ್ದು ಹೇಗೆ?

ಮೈಸೂರು ಮತ್ತು ಈಸ್ಟ್ ಇಂಡಿಯಾ ಕಂಪನಿಯ ನಡುವೆ ನಡೆದ ನಾಲ್ಕು ಯುದ್ಧಗಳಲ್ಲಿ ಇದು ಮೂರನೆಯದರ ಕೊನೆ. ಎರಡನೆಯ ಯುದ್ಧವು 1784ರ ಮಂಗಳೂರು ಒಪ್ಪಂದದೊಂದಿಗೆ ಮುಗಿದಿತ್ತು. ಆಗ ಎರಡೂ ಕಡೆಯವರು ಗೆದ್ದ ನೆಲವನ್ನು ಪರಸ್ಪರ ಹಿಂದಿರುಗಿಸಿದ್ದರು. ಕಂಪನಿಯ ಅಧಿಕಾರಿಗಳಲ್ಲಿ ಅನೇಕರಿಗೆ ಅದು ಅವಮಾನವೆನಿಸಿತ್ತು.

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪುವಿನ ಸೈನ್ಯ ತಿರುವಾಂಕೂರಿನ ಗಡಿಕೋಟೆಯ ಸಾಲಿನ ಮೇಲೆ ದಾಳಿ ನಡೆಸಿತು. ತಿರುವಾಂಕೂರಿನ ಅರಸ ಕಂಪನಿಯ ಮಿತ್ರ. ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೆ ಯುದ್ಧಕ್ಕೆ ಇಷ್ಟು ಕಾರಣ ಸಾಕಾಯಿತು. 1790ರ ಜೂನ್‌ನಲ್ಲಿ ಪುಣೆಯ ಪೇಶ್ವೆಯೊಂದಿಗೆ, ಜುಲೈನಲ್ಲಿ ಹೈದರಾಬಾದಿನ ನಿಜಾಮನೊಂದಿಗೆ ಕಂಪನಿ ಒಪ್ಪಂದ ಮಾಡಿಕೊಂಡಿತು. ಮೂವರೂ ಸೇರಿ ಯುದ್ಧ ಮಾಡುವುದು, ಗೆದ್ದದ್ದನ್ನು ಹಂಚಿಕೊಳ್ಳುವುದು ಅದರ ತಿರುಳು. ಅಂದರೆ, ಹಂಚಿಕೆಯ ಮಾತು ಗೆಲುವಿಗಿಂತ ಮೊದಲೇ ಮುಗಿದಿತ್ತು.

ಉತ್ತರದಲ್ಲಿ ಮರಾಠರು ಧಾರವಾಡದ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿ 1791ರ ಏಪ್ರಿಲ್‌ನಲ್ಲಿ ವಶಪಡಿಸಿಕೊಂಡರು. ಸ್ವತಃ ಸೇನಾಧಿಪತ್ಯ ವಹಿಸಿಕೊಂಡ ಕಾರ್ನ್‌ವಾಲಿಸ್ ಅದೇ ವರ್ಷದ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಗೆದ್ದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯವರೆಗೂ ಬಂದ. ಆದರೆ ಮಳೆ, ಮೇವಿನ ಕೊರತೆ ಮತ್ತು ರೋಗಗಳು ಅವನನ್ನು ಸೋಲಿಸಿದವು. ಕನ್ನಂಬಾಡಿಯ ಬಳಿ ತನ್ನ ಭಾರೀ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದೆ ಸರಿಯಬೇಕಾಯಿತು. ಮಲಬಾರಿನಿಂದ ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರೋಂಬಿಯ ಪಡೆಯೂ ಹಿಂದಿರುಗಿತು.

ಆ ವರ್ಷ ನಾಡಿನ ಜನ ಅನುಭವಿಸಿದ ಕಷ್ಟಕ್ಕೆ ಒಂದು ಉದಾಹರಣೆ ಸಾಕು. ಮರಾಠ ದಂಡಿನೊಂದಿಗೆ ಬಂದ ಕುದುರೆ ಸವಾರರು ಶೃಂಗೇರಿ ಮಠವನ್ನೇ ಲೂಟಿ ಮಾಡಿದರು. ಮಠದ ಪುನರುದ್ಧಾರಕ್ಕೆ ಟಿಪ್ಪು ನೆರವು ಕಳುಹಿಸಿದ ಪತ್ರಗಳು 20ನೇ ಶತಮಾನದ ಆರಂಭದಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಮೂಲಕ ಬೆಳಕಿಗೆ ಬಂದವು. ಧರ್ಮದ ಲೆಕ್ಕದಿಂದ ಮಾತ್ರ ಈ ಯುದ್ಧವನ್ನು ಓದಲು ಹೊರಡುವವರನ್ನು ಈ ಪತ್ರಗಳು ಒಂದು ಗಳಿಗೆ ತಡೆದು ನಿಲ್ಲಿಸುತ್ತವೆ. ಅದೇ ರೀತಿ, ಕೊಡಗು ಮತ್ತು ಮಲಬಾರಿನ ಜನರಿಗೆ ಟಿಪ್ಪುವಿನ ಆಳ್ವಿಕೆಯಲ್ಲಿ ಆದ ಸೆರೆ, ಸ್ಥಳಾಂತರಗಳ ನೆನಪೂ ಈ ಯುದ್ಧದ ಭಾಗವೇ ಆಗಿತ್ತು.

ಕೋಟೆಯ ಬಾಗಿಲಲ್ಲಿ ನಿಂತ ಗೆಲುವು

ಮಳೆಗಾಲ ಕಳೆದ ಮೇಲೆ ಕಾರ್ನ್‌ವಾಲಿಸ್ ಮತ್ತೆ ಸಿದ್ಧನಾದ. 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ ಬಿದ್ದವು. 1792ರ ಫೆಬ್ರುವರಿ 6ರ ರಾತ್ರಿ ಶ್ರೀರಂಗಪಟ್ಟಣದ ಉತ್ತರಕ್ಕಿದ್ದ ಟಿಪ್ಪುವಿನ ಬೀಡಿನ ಮೇಲೆ ದಾಳಿ ನಡೆಯಿತು. ಬೆಳಗಾಗುವ ಹೊತ್ತಿಗೆ ಕಂಪನಿಯ ಪಡೆ ಕಾವೇರಿ ದಾಟಿ ದ್ವೀಪದ ಪೂರ್ವ ಭಾಗದಲ್ಲಿ ಕಾಲೂರಿತ್ತು. ಲಾಲ್‌ಬಾಗ್ ತೋಟದ ಮರಗಳನ್ನು ಮುತ್ತಿಗೆಯ ಕೆಲಸಕ್ಕೆ ಕಡಿಯಲಾಯಿತು. ಕೋಟೆ ಇನ್ನೂ ಟಿಪ್ಪುವಿನ ಕೈಯಲ್ಲೇ ಇತ್ತು.

ಇಲ್ಲಿ ಕಾರ್ನ್‌ವಾಲಿಸ್ ನಿಂತ. ಕೋಟೆಯನ್ನು ಗೆದ್ದುಬಿಡಬಹುದಿತ್ತು, ಏಕೆ ಗೆಲ್ಲಲಿಲ್ಲ ಎಂಬ ಪ್ರಶ್ನೆಯನ್ನು ಅವನ ಕೈಕೆಳಗಿನ ಅಧಿಕಾರಿಗಳೇ ಎತ್ತಿದರು. ಮುಂದೆ ಮದರಾಸಿನ ಗವರ್ನರ್ ಆದ ತಾಮಸ್ ಮನ್ರೋ ಕೂಡ ಅವರಲ್ಲೊಬ್ಬ. ಕಾರ್ನ್‌ವಾಲಿಸ್‌ನ ಲೆಕ್ಕ ಬೇರೆಯಾಗಿತ್ತು. ಭಾರತದಲ್ಲಿ ರಾಜ್ಯ ವಿಸ್ತರಣೆಯ ಯೋಜನೆಗಳು ಬ್ರಿಟನ್ನಿನ ನೀತಿಗೆ ವಿರುದ್ಧವೆಂದು ಅಲ್ಲಿನ ಪಾರ್ಲಿಮೆಂಟು 1784ರ ಕಾಯಿದೆಯಲ್ಲಿ ಸಾರಿತ್ತು. ರಾಜಧಾನಿ ಕೈಗೆ ಬಂದರೆ ಅದನ್ನು ಏನು ಮಾಡುವುದು, ಯಾರಿಗೆ ಕೊಡುವುದು ಎಂಬುದು ಹೊಸ ತಲೆನೋವು. ಟಿಪ್ಪು ಪೂರ್ತಿ ಅಳಿದರೆ ಮರಾಠರು ಬೆಳೆಯುತ್ತಾರೆ. ಇತ್ತ ಮರಾಠರಿಗೂ ಟಿಪ್ಪು ಸಂಪೂರ್ಣವಾಗಿ ನಾಶವಾಗುವುದು ಬೇಕಿರಲಿಲ್ಲ. ಟಿಪ್ಪು ಇಲ್ಲದ ದಕ್ಷಿಣದಲ್ಲಿ ಕಂಪನಿಗೆ ಎದುರಾಳಿಯೇ ಇರುವುದಿಲ್ಲ ಎಂಬುದು ಪುಣೆಯ ನಾನಾ ಫಡ್ನವೀಸನಿಗೆ ಗೊತ್ತಿತ್ತು.

ಹೀಗೆ, ಮೂವರು ಮಿತ್ರರೂ ಒಬ್ಬರನ್ನೊಬ್ಬರು ಅಳೆಯುತ್ತಲೇ ಟಿಪ್ಪುವಿನ ಮುಂದೆ ಕರಾರುಗಳನ್ನಿಟ್ಟರು. ಅವನನ್ನು ಉಳಿಸಬೇಕು, ಆದರೆ ಮತ್ತೆ ಏಳದಂತೆ ಉಳಿಸಬೇಕು. ಫೆಬ್ರುವರಿ 24ರಂದು ಕಾಳಗ ನಿಂತಿತು.

ಒಪ್ಪಂದದ ಕರಾರುಗಳು

ಮುಖ್ಯ ಕರಾರುಗಳು ನಾಲ್ಕು.

ಒಂದು, ಟಿಪ್ಪು ಯುದ್ಧಕ್ಕೆ ಮುನ್ನ ಹೊಂದಿದ್ದ ರಾಜ್ಯದ ಅರ್ಧ ಭಾಗವನ್ನು ಮಿತ್ರಪಕ್ಷಗಳಿಗೆ ಬಿಟ್ಟುಕೊಡಬೇಕು. ಎರಡು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಯುದ್ಧವೆಚ್ಚ ತೆರಬೇಕು. ಅದರಲ್ಲಿ ಅರ್ಧ ತಕ್ಷಣ, ಉಳಿದರ್ಧ ಮೂರು ಕಂತುಗಳಲ್ಲಿ, ಪ್ರತಿ ಕಂತಿಗೆ ನಾಲ್ಕು ತಿಂಗಳಿಗೆ ಮೀರದ ಗಡುವು. ಮೂರು, ಹೈದರಾಲಿಯ ಕಾಲದಿಂದ ಸೆರೆಯಲ್ಲಿರುವ ಎಲ್ಲ ಯುದ್ಧಕೈದಿಗಳ ಬಿಡುಗಡೆ. ನಾಲ್ಕು, ಕರಾರುಗಳು ಈಡೇರುವವರೆಗೆ ಟಿಪ್ಪುವಿನ ಮೂವರು ಹಿರಿಯ ಮಕ್ಕಳಲ್ಲಿ ಇಬ್ಬರು ಒತ್ತೆಯಾಳುಗಳಾಗಿ ಕಂಪನಿಯ ವಶದಲ್ಲಿರಬೇಕು.

ಹಣದ ಭಾರ ಎಷ್ಟೆಂಬುದನ್ನು ಅಂದಿನ ಲೆಕ್ಕದಿಂದಲೇ ತಿಳಿಯಬಹುದು. ಸಂಧಾನದ ವೇಳೆ ಟಿಪ್ಪುವಿನ ಇಡೀ ರಾಜ್ಯದ ವಾರ್ಷಿಕ ಕಂದಾಯವನ್ನು ಸುಮಾರು 2 ಕೋಟಿ 37 ಲಕ್ಷ ರೂಪಾಯಿ ಎಂದು ಎಣಿಸಲಾಗಿತ್ತು. ಅರ್ಧ ರಾಜ್ಯ ಹೋದ ಮೇಲೆ ಉಳಿಯುವುದು ವರ್ಷಕ್ಕೆ ಒಂದು ಕೋಟಿ ಹದಿನೆಂಟು ಲಕ್ಷದ ಆಸುಪಾಸು. ಅಂದರೆ, ಉಳಿದ ರಾಜ್ಯದ ಮೂರು ವರ್ಷದ ಆದಾಯಕ್ಕೆ ಹತ್ತಿರದ ಮೊತ್ತವನ್ನು ಒಂದೇ ವರ್ಷದಲ್ಲಿ ಕಟ್ಟಬೇಕಿತ್ತು. ಬೊಕ್ಕಸದಿಂದ ಸ್ವಲ್ಪ, ಸೈನ್ಯದ ಹಾಗೂ ಆಡಳಿತದ ಅಧಿಕಾರಿಗಳಿಂದ ಸ್ವಲ್ಪ, ಉಳಿದದ್ದನ್ನು ಪ್ರಜೆಗಳಿಂದ ಎತ್ತಲಾಯಿತು. ಯುದ್ಧದಲ್ಲಿ ಬೆಳೆ ಕಳೆದುಕೊಂಡ ರೈತನೇ ಶಾಂತಿಯ ಬೆಲೆಯನ್ನೂ ತೆರಬೇಕಾಯಿತು.

ಭೂಪಟವಲ್ಲ, ಲೆಕ್ಕದ ಪುಸ್ತಕ

'ಅರ್ಧ ರಾಜ್ಯ' ಎಂದರೆ ಏನು? ಇಂದು ನಾವು ಭೂಪಟದ ಮೇಲೆ ಗೆರೆ ಎಳೆಯುವುದನ್ನು ಊಹಿಸಿಕೊಳ್ಳುತ್ತೇವೆ. 1792ರಲ್ಲಿ ಹಾಗಾಗಲಿಲ್ಲ. ನೆಲದ ವಿಸ್ತಾರವನ್ನು ಅಲ್ಲ, ಕಂದಾಯವನ್ನು ಅಳೆಯಲಾಯಿತು. ಯಾವ ತಾಲ್ಲೂಕಿನ ಜಮಾ ಎಷ್ಟು ವರಹ ಎಂಬ ಪಟ್ಟಿಗಳನ್ನು ಟಿಪ್ಪುವಿನ ವಕೀಲರಾದ ಗುಲಾಂ ಅಲಿ ಮತ್ತು ಅಲಿ ರಜಾ ಮುಂದಿಟ್ಟರು. ಕಂಪನಿಯ ಪರವಾಗಿ ಜಾನ್ ಕೆನ್ನವೇ ಮಾತುಕತೆ ನಡೆಸಿದ. ಮಿತ್ರಪಕ್ಷದವರು ಪಟ್ಟಿಗಳನ್ನು ನಂಬದೆ ತಮ್ಮ ಪಟ್ಟಿಗಳನ್ನು ತಂದರು. ತಮಗೆ ಸಿಗುವ ತಾಲ್ಲೂಕಿನ ಕಂದಾಯ ಕಡಿಮೆ ತೋರಿಸಿದರೆ ಹೆಚ್ಚು ತಾಲ್ಲೂಕುಗಳು ಸಿಗುತ್ತವೆ ಎಂಬುದು ಅವರ ಜಾಣತನ. ಬಿಟ್ಟುಕೊಡುವ ನೆಲದ ಕಂದಾಯ ಹೆಚ್ಚು ತೋರಿಸಿದರೆ ಕಡಿಮೆ ನೆಲ ಹೋಗುತ್ತದೆ ಎಂಬುದು ಮೈಸೂರಿನ ಜಾಣತನ.

ಕೊನೆಗೆ ಸುಮಾರು 39.5 ಲಕ್ಷ ವರಹ ಕಂದಾಯದ ಪ್ರದೇಶವನ್ನು ಮೂರು ಸಮಭಾಗ ಮಾಡಿ, ತಲಾ 13 ಲಕ್ಷ ವರಹಕ್ಕೆ ಸ್ವಲ್ಪ ಮೇಲ್ಪಟ್ಟು ಹಂಚಲಾಯಿತು. ಕಂಪನಿಗೆ ಮಲಬಾರ್, ಕೊಡಗಿನ ಮೇಲಿನ ಹಕ್ಕು, ದಿಂಡಿಗಲ್ ಮತ್ತು ಇಂದಿನ ಸೇಲಂ, ಕೃಷ್ಣಗಿರಿ ಭಾಗದ ಬಾರಾಮಹಲ್ ಬಂದವು. ಮರಾಠರ ಗಡಿ ತುಂಗಭದ್ರೆಯವರೆಗೆ ಇಳಿದು, ಧಾರವಾಡದ ಸೀಮೆ ಅವರ ಪಾಲಾಯಿತು. ನಿಜಾಮನಿಗೆ ಕೊಪ್ಪಳ, ಕನಕಗಿರಿಯಿಂದ ಕಡಪದವರೆಗಿನ ಪ್ರದೇಶಗಳು ದೊರೆತವು.

ಪಟ್ಟಿಯಲ್ಲಿ ಊರುಗಳಿದ್ದವು, ವರಹಗಳಿದ್ದವು. ಆ ಊರಿನ ಜನ ಯಾವ ಭಾಷೆಯವರು, ಯಾವ ಪೇಟೆಗೆ ಹೋಗುವವರು, ಯಾವ ಕೆರೆಯ ನೀರು ಉಣ್ಣುವವರು ಎಂಬುದಕ್ಕೆ ಅಂಕಣ ಇರಲಿಲ್ಲ. ಆ ಕಾಲದ ಯಾವ ಅರಸನೂ ಹಾಗೆ ಕೇಳುತ್ತಿರಲಿಲ್ಲ ಎಂಬುದು ನಿಜ. ಆದರೆ ಫಲವನ್ನು ಉಂಡವರು ಮುಂದಿನ ತಲೆಮಾರಿನವರು.

ಕೊಡಗಿನ ಕಗ್ಗಂಟು

ಇಡೀ ಒಪ್ಪಂದ ಮುರಿದು ಬೀಳುವ ಹಂತ ತಲುಪಿದ್ದು ಕೊಡಗಿನ ಹೆಸರು ಬಂದಾಗ. 1788ರಲ್ಲಿ ಪಿರಿಯಾಪಟ್ಟಣದ ಬಂಧನದಿಂದ ತಪ್ಪಿಸಿಕೊಂಡ ದೊಡ್ಡ ವೀರರಾಜೇಂದ್ರ ಕೊಡಗನ್ನು ಮತ್ತೆ ಕಟ್ಟಿಕೊಂಡಿದ್ದ. 1790ರಲ್ಲಿ ಕಂಪನಿಯ ಮಿತ್ರನಾಗಿ ಅಬರ್‌ಕ್ರೋಂಬಿಯ ಸೈನ್ಯಕ್ಕೆ ದಾರಿ ಕೊಟ್ಟಿದ್ದ. ಅವನನ್ನು ಕೈಬಿಟ್ಟರೆ ಮುಂದೆ ಯಾರೂ ತಮ್ಮನ್ನು ನಂಬುವುದಿಲ್ಲ ಎಂಬುದು ಕಾರ್ನ್‌ವಾಲಿಸ್‌ನ ವಾದ.

ಟಿಪ್ಪುವಿನ ವಾದಕ್ಕೂ ಬಲವಿತ್ತು. ಮೊದಲ ಕರಡಿನ ಪ್ರಕಾರ ಬಿಟ್ಟುಕೊಡುವ ನೆಲ ಮಿತ್ರಪಕ್ಷಗಳ ಈಗಿನ ಗಡಿಗೆ ಹೊಂದಿಕೊಂಡಿರಬೇಕು. ಕೊಡಗು ಕಂಪನಿಯ ಯಾವ ಹಳೆಯ ಗಡಿಗೂ ತಾಗಿರಲಿಲ್ಲ. ಅದು ಇದ್ದದ್ದು ತನ್ನ ರಾಜಧಾನಿಯ ಪಶ್ಚಿಮ ಬಾಗಿಲಲ್ಲಿ. ಅದನ್ನು ಕೊಡುವುದೆಂದರೆ ಮನೆಯ ಹಿತ್ತಿಲ ಬಾಗಿಲ ಚಿಲಕವನ್ನು ಎದುರಾಳಿಯ ಕೈಗೆ ಕೊಟ್ಟಂತೆ.

ಕಾರ್ನ್‌ವಾಲಿಸ್ ಮುತ್ತಿಗೆಯನ್ನು ಮತ್ತೆ ಆರಂಭಿಸುವ ಸಿದ್ಧತೆ ನಡೆಸಿದ. ಅಷ್ಟರಲ್ಲಿ ಶಿಬಿರಕ್ಕೆ ಬಂದಾಗಿದ್ದ ರಾಜಕುಮಾರರ ಕಾವಲಿನವರ ಆಯುಧ ಕಸಿದು, ಮಕ್ಕಳನ್ನು ಬೆಂಗಳೂರಿನ ಕಡೆಗೆ ಹೊರಡಿಸಲು ಆಜ್ಞೆಯಾಯಿತು. ಟಿಪ್ಪು ಮಣಿದ. ಮಾರ್ಚ್ 18ರಂದು ಒಪ್ಪಂದಕ್ಕೆ ಮುದ್ರೆ ಬಿತ್ತು.

ಒತ್ತೆಯಿಟ್ಟ ಮಕ್ಕಳು

ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಇಬ್ಬರು ಬಾಲಕರು 1792ರ ಫೆಬ್ರುವರಿ 26ರಂದು ಆನೆಯ ಮೇಲೆ ಕಾರ್ನ್‌ವಾಲಿಸ್‌ನ ಡೇರೆಗೆ ಬಂದರು. ಆ ದೃಶ್ಯ ಬ್ರಿಟನ್ನಿನಲ್ಲಿ ಭಾರೀ ಪ್ರಚಾರ ಪಡೆಯಿತು. ಸೈನ್ಯದೊಂದಿಗೆ ಇದ್ದ ರಾಬರ್ಟ್ ಹೋಮ್ ಸೇರಿದಂತೆ ಹಲವು ಕಲಾವಿದರು ಅದನ್ನು ಚಿತ್ರಿಸಿದರು. ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿರುವ ಕಾರ್ನ್‌ವಾಲಿಸ್ ಪ್ರತಿಮೆಯ ಪೀಠದ ಮೇಲೂ ಅದೇ ದೃಶ್ಯ ಕೆತ್ತಲ್ಪಟ್ಟಿದೆ. ಗೆದ್ದವನ ಉದಾರತೆಯ ಚಿತ್ರವಾಗಿ ಅದನ್ನು ತೋರಿಸಲಾಯಿತು. ಸೋತವನ ಕಡೆಯಿಂದ ನೋಡಿದರೆ ಅದು ಹಣ ಕಟ್ಟುವವರೆಗೆ ಅಡವಿಟ್ಟ ಮಕ್ಕಳ ಚಿತ್ರ.

ಟಿಪ್ಪು ಹಣವನ್ನು ಸಲ್ಲಿಸಿದ. ಮಕ್ಕಳು ಮದರಾಸಿನಿಂದ ಹಿಂದಿರುಗಿ 1794ರಲ್ಲಿ ದೇವನಹಳ್ಳಿಯಲ್ಲಿ ತಂದೆಯನ್ನು ಸೇರಿದರು. ಅದು ಟಿಪ್ಪು ಹುಟ್ಟಿದ ಊರು.

ಶಾಂತಿ ಏಕೆ ಬಾಳಲಿಲ್ಲ?

ಕಾಗದದ ಮೇಲೆ ನೋಡಿದರೆ ಒಪ್ಪಂದ ಯಶಸ್ವಿಯಾಗಿತ್ತು. ಹಣ ಸಂದಿತು, ನೆಲ ಹಸ್ತಾಂತರವಾಯಿತು, ಮಕ್ಕಳು ಮರಳಿದರು. ಆದರೂ ಅದು ಮುರಿದುಬಿದ್ದುದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಸೋತವನ ಸ್ಥಿತಿ. ರಾಜಿಯಾಗಲು ಆಗದಷ್ಟು ಕಿತ್ತುಕೊಂಡು, ಸೇಡು ತೀರಿಸಿಕೊಳ್ಳುವ ಆಸೆ ಉಳಿಯುವಷ್ಟು ಬಿಟ್ಟುಕೊಟ್ಟ ಒಪ್ಪಂದ ಇದು. ಟಿಪ್ಪುವಿಗೆ ಸಿಂಹಾಸನ, ರಾಜಧಾನಿ, ಸೈನ್ಯ ಉಳಿದವು. ಮಲಬಾರಿನ ಕರಾವಳಿ ಮತ್ತು ಕೊಡಗಿನ ಘಟ್ಟ ಹೋದವು. ಅವನು ಶ್ರೀರಂಗಪಟ್ಟಣದ ಕೋಟೆಯನ್ನು ಬಲಪಡಿಸಿದ, ಕಾಬೂಲಿನ ಜಮಾನ್ ಶಾಹನವರೆಗೂ, ಫ್ರೆಂಚರವರೆಗೂ ದೂತರನ್ನು ಕಳುಹಿಸಿದ.

ಎರಡನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದುದು, ಗೆದ್ದವರ ಒಡಕು. ಹಂಚಿಕೆಯನ್ನು ಕಾಪಾಡಲು ಮೂವರೂ ಪರಸ್ಪರ ಖಾತರಿ ನೀಡುವ ಒಪ್ಪಂದವನ್ನು ಕಾರ್ನ್‌ವಾಲಿಸ್ ಬಯಸಿದ್ದ. ಮರಾಠರು ಒಪ್ಪಲಿಲ್ಲ. 1795ರ ಮಾರ್ಚ್‌ನಲ್ಲಿ ಖರ್ಡಾ ಎಂಬಲ್ಲಿ ಮರಾಠರು ನಿಜಾಮನನ್ನೇ ಸೋಲಿಸಿದರು. ಆಗಿನ ಗವರ್ನರ್ ಜನರಲ್ ಜಾನ್ ಶೋರ್ ತಟಸ್ಥನಾಗಿ ಉಳಿದ. ಮೂರು ಕಾಲಿನ ಮಣೆಯ ಎರಡು ಕಾಲುಗಳು ಹೀಗೆ ತಮ್ಮೊಳಗೇ ಬಡಿದಾಡಿಕೊಂಡವು. ಅದೇ ವರ್ಷ ಯುವಕ ಪೇಶ್ವೆ ತೀರಿಕೊಂಡ ಮೇಲೆ ಪುಣೆ ಒಳಜಗಳದಲ್ಲಿ ಮುಳುಗಿತು. ನಿಜಾಮ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ನೆಚ್ಚಿಕೊಂಡ.

ಮೂರನೆಯದು, ಪ್ರಬಲನ ಮನಸ್ಸು ಬದಲಾದದ್ದು. 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ ರಿಚರ್ಡ್ ವೆಲ್ಲೆಸ್ಲಿಗೆ ಸಮತೋಲನದ ಮಾತು ಬೇಕಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರ್ ಮಾಲಾರ್ತಿಕ್, ಟಿಪ್ಪುವಿನ ನೆರವಿಗೆ ಸ್ವಯಂಸೇವಕರು ಬೇಕೆಂದು ಬಹಿರಂಗ ಪ್ರಕಟಣೆ ಹೊರಡಿಸಿದ್ದ. ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ ಮಾತ್ರ. ಆದರೆ ಪ್ರಕಟಣೆ ವೆಲ್ಲೆಸ್ಲಿಗೆ ಬೇಕಾದ ಕಾರಣವನ್ನು ಒದಗಿಸಿತು. ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಸೆಪ್ಟೆಂಬರ್‌ನಲ್ಲಿ ನಿಜಾಮ ಕಂಪನಿಯ ಸಹಾಯಕ ಸೈನ್ಯ ಪದ್ಧತಿಗೆ ಒಳಪಟ್ಟ. ಈಜಿಪ್ಟ್ ಆಟೊಮನ್ ಸಾಮ್ರಾಜ್ಯಕ್ಕೆ ಸೇರಿದ್ದರಿಂದ, ಅಲ್ಲಿನ ಸುಲ್ತಾನ ಮೂರನೇ ಸೆಲೀಮ್ ಫ್ರೆಂಚರನ್ನು ನಂಬಬೇಡವೆಂದು ಟಿಪ್ಪುವಿಗೆ ಪತ್ರ ಬರೆದ. 1799ರ ಜನವರಿಯಲ್ಲಿ ಅದನ್ನು ತಲುಪಿಸಿದವನೂ ವೆಲ್ಲೆಸ್ಲಿಯೇ. ಮರುತಿಂಗಳು ಯುದ್ಧ ಆರಂಭವಾಯಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತ ಮಡಿದ.

ಬಿಟ್ಟುಕೊಟ್ಟ ನೆಲದಲ್ಲೂ ಶಾಂತಿ ಇರಲಿಲ್ಲ. ಮಲಬಾರಿನಲ್ಲಿ ಕಂಪನಿಯ ವಿರುದ್ಧ ತಿರುಗಿಬಿದ್ದ ಕೋಟ್ಟಯಂ ಮನೆತನದ ಪಳಶ್ಶಿ ರಾಜ 1805ರಲ್ಲಿ ಸಾಯುವವರೆಗೂ ಹೋರಾಡಿದ.

ಎರಡನೆಯ ಹಂಚಿಕೆ, ಹೊಸ ಮೈಸೂರು

1799ರ ಜೂನ್ 22ರಂದು ಉಳಿದರ್ಧ ರಾಜ್ಯದ ಹಂಚಿಕೆ ನಡೆಯಿತು. ಈ ಬಾರಿಯೂ ವರಹದ ಪಟ್ಟಿಯೇ ಅಳತೆಗೋಲು. ಕಂಪನಿಗೆ ಮತ್ತು ನಿಜಾಮನಿಗೆ ತಲಾ ಸುಮಾರು 5.37 ಲಕ್ಷ ಕಂಠೀರವಿ ವರಹದ ಪ್ರದೇಶ. ಕರಾವಳಿಯ ಕನ್ನಡ ಜಿಲ್ಲೆ, ವಯನಾಡು, ಕೊಯಮತ್ತೂರು ಮತ್ತು ಶ್ರೀರಂಗಪಟ್ಟಣ ದ್ವೀಪ ಕಂಪನಿಯ ಪಾಲಿಗೆ ಬಂದವು. ಪೇಶ್ವೆಗೆ ಎತ್ತಿಟ್ಟ ಪಾಲನ್ನು ಆತ ಷರತ್ತುಗಳ ಕಾರಣ ನಿರಾಕರಿಸಿದ. ಸುಮಾರು 13.74 ಲಕ್ಷ ವರಹದ ಪ್ರದೇಶವನ್ನು ಒಡೆಯರ ಮನೆತನಕ್ಕೆ ಮರಳಿಸಲಾಯಿತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ಮೈಸೂರಿನಲ್ಲಿ ನಡೆಯಿತು. ಟಿಪ್ಪುವಿನ ಬಳಿಯಿದ್ದ ಪೂರ್ಣಯ್ಯ ದಿವಾನರಾದರು. ಹಳೆಯ ಮೈಸೂರು ಕೋಟೆಯನ್ನು ಕೆಡವಿ ಟಿಪ್ಪು ಪಕ್ಕದಲ್ಲಿ ಕಟ್ಟತೊಡಗಿದ್ದ ನಜರಬಾದ್, ನಗರದ ಬಡಾವಣೆಯ ಹೆಸರಾಗಿ ಇಂದಿಗೂ ಉಳಿದಿದೆ.

ಜುಲೈ 8ರ ಒಪ್ಪಂದದಂತೆ ಹೊಸ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕೊಡಬೇಕಿತ್ತು. ಹಂಚಿಕೆಯ ಪಟ್ಟಿಯಲ್ಲಿ ತೋರಿಸಿದ ಆದಾಯದ ಅರ್ಧಕ್ಕೂ ಹೆಚ್ಚು ಇದು. ಆಡಳಿತ ಕೆಟ್ಟರೆ ರಾಜ್ಯವನ್ನು ಕಂಪನಿ ವಹಿಸಿಕೊಳ್ಳಬಹುದು ಎಂಬ ಷರತ್ತೂ ಇತ್ತು. 1831ರಲ್ಲಿ ಅದೇ ಷರತ್ತನ್ನು ಮುಂದಿಟ್ಟು ಆಡಳಿತವನ್ನು ಕಿತ್ತುಕೊಳ್ಳಲಾಯಿತು. ಅದು ಮೈಸೂರಿಗೆ ಮರಳಿದ್ದು 1881ರಲ್ಲಿ. ಶ್ರೀರಂಗಪಟ್ಟಣ ದ್ವೀಪವೂ ಆಗಲೇ ಮರಳಿತು, ಬದಲಿಗೆ ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರಿಗೆ ಒಪ್ಪಿಸಬೇಕಾಯಿತು.

ಟಿಪ್ಪುವಿನ ಮಕ್ಕಳನ್ನು 1799ರಲ್ಲಿ ವೆಲ್ಲೂರಿಗೆ, 1806ರ ಸಿಪಾಯಿ ದಂಗೆಯ ಬಳಿಕ ಕಲ್ಕತ್ತೆಗೆ ಕಳುಹಿಸಲಾಯಿತು.

ತುರ್ಕಿಯಲ್ಲಿ ನಡೆದದ್ದೂ ಇದೇ?

ಸೋತ ಸಾಮ್ರಾಜ್ಯವನ್ನು ಹಂಚಿದ ವಿಫಲ ಒಪ್ಪಂದ ಎಂದರೆ ಇತಿಹಾಸ ಓದುವವರಿಗೆ ಮೊದಲು ನೆನಪಾಗುವುದು 1920ರ ಸೆವ್ರ್ ಒಪ್ಪಂದ. ಮೊದಲ ಮಹಾಯುದ್ಧದಲ್ಲಿ ಸೋತ ಆಟೊಮನ್ ಸಾಮ್ರಾಜ್ಯವನ್ನು ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಆಗಸ್ಟ್ 10ರಂದು ಹಂಚಲಾಯಿತು. ಅರಬ್ ನಾಡುಗಳು ಕೈಬಿಟ್ಟವು. ಸ್ಮಿರ್ನಾ ಗ್ರೀಸಿನ ಆಡಳಿತಕ್ಕೆ ಹೋಗಬೇಕಿತ್ತು. ಅರ್ಮೇನಿಯಾಕ್ಕೆ ಪ್ರತ್ಯೇಕ ರಾಜ್ಯ ಸಿಗಬೇಕಿತ್ತು. ಭಾರತದಲ್ಲಿ ಖಿಲಾಫತ್ ಚಳವಳಿಗೆ ಬಲ ತುಂಬಿದ್ದು ಇದೇ ವಿದ್ಯಮಾನ.

ಮೈಸೂರಿಗೂ ಆ ಯುದ್ಧದ ನಂಟಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಆಟೊಮನ್ ಪಡೆಗಳಿಂದ ಬಿಡಿಸಿಕೊಂಡವರಲ್ಲಿ ಜೋಧಪುರದವರ ಜತೆ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ ಇತ್ತು. ಒಂದು ಹಂಚಿಕೆಯಿಂದ ಉಳಿದ ರಾಜ್ಯದ ಸವಾರರು ಇನ್ನೊಂದು ಸಾಮ್ರಾಜ್ಯದ ಹಂಚಿಕೆಗೆ ದಾರಿ ಮಾಡಿಕೊಟ್ಟ ಯುದ್ಧದಲ್ಲಿ ಹೋರಾಡಿದರು.

ಎರಡೂ ಒಪ್ಪಂದಗಳಲ್ಲಿ ಒಂದು ಹೋಲಿಕೆ, ಒಂದು ವ್ಯತ್ಯಾಸ ಇದೆ. ಹೋಲಿಕೆಯೆಂದರೆ ಗೆದ್ದವರ ಒಡಕು. ಗ್ರೀಸ್ ತುರ್ಕಿಯಲ್ಲಿ ಕಾದಾಡುತ್ತಿದ್ದಾಗಲೇ ಫ್ರಾನ್ಸ್ 1921ರಲ್ಲಿ ಅಂಕಾರಾದೊಂದಿಗೆ ಪ್ರತ್ಯೇಕ ರಾಜಿ ಮಾಡಿಕೊಂಡಿತು. ವ್ಯತ್ಯಾಸವೆಂದರೆ ಅದನ್ನು ಮುರಿದವರು ಯಾರು ಎಂಬುದು. ಸೆವ್ರ್ ಒಪ್ಪಂದವನ್ನು ಹರಿದುಹಾಕಿದವರು ಸೋತವರು. ಮುಸ್ತಫಾ ಕೆಮಾಲ್ ನಾಯಕತ್ವದಲ್ಲಿ ತುರ್ಕರು ಹೋರಾಡಿ 1923ರ ಲೌಸಾನ್ ಒಪ್ಪಂದವನ್ನು ಪಡೆದರು. ಶ್ರೀರಂಗಪಟ್ಟಣ ಒಪ್ಪಂದವನ್ನು ಸಾಕೆಂದು ಬದಿಗಿಟ್ಟವರು ಗೆದ್ದವರಲ್ಲೇ ಬಲಶಾಲಿಯಾದವರು. ತುರ್ಕಿಗೆ ಎರಡನೆಯ ಒಪ್ಪಂದದಲ್ಲಿ ನೆಲ ಮರಳಿತು. ಮೈಸೂರಿಗೆ ಉಳಿದದ್ದೂ ಹೋಯಿತು.

ಉಳಿದುಹೋದ ಗೆರೆಗಳು

ಗೆದ್ದ ಮೂವರ ಪೈಕಿ ಇಬ್ಬರಿಗೂ ಗಳಿಕೆ ದಕ್ಕಲಿಲ್ಲ. 1792 ಮತ್ತು 1799ರಲ್ಲಿ ಮೈಸೂರಿನಿಂದ ಪಡೆದ ಪ್ರದೇಶಗಳಲ್ಲಿ ಬಹುಭಾಗವನ್ನು ನಿಜಾಮ 1800ರಲ್ಲೇ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು ಹೀಗೆ. ಮರಾಠರ ಪಾಲಿನ ಧಾರವಾಡ 1817–18ರಲ್ಲಿ ಕಂಪನಿಯ ವಶವಾಗಿ ಮುಂದೆ ಮುಂಬಯಿ ಪ್ರಾಂತ್ಯದ ಜಿಲ್ಲೆಯಾಯಿತು. ಯಾರ ಉಳಿವಿಗಾಗಿ ಕಾರ್ನ್‌ವಾಲಿಸ್ ಒಪ್ಪಂದವನ್ನೇ ಪಣಕ್ಕಿಟ್ಟಿದ್ದನೋ ಆ ಕೊಡಗು 1834ರಲ್ಲಿ ಕಂಪನಿಯ ರಾಜ್ಯದಲ್ಲಿ ಲೀನವಾಯಿತು. ಕೊಪ್ಪಳ ನಿಜಾಮನ ಹೈದರಾಬಾದಿನಲ್ಲೇ ಉಳಿಯಿತು. ಕರಾವಳಿ ಮದರಾಸಿಗೆ ಸೇರಿ, ಅದರ ಉತ್ತರ ಭಾಗ 1862ರಲ್ಲಿ ಮುಂಬಯಿಗೆ ಹೋಯಿತು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು.

ಕನ್ನಡ ನಾಡಿನ ವಿಭಜನೆಗೆ 1792 ಒಂದೇ ಕಾರಣವಲ್ಲ. ಮುಂದಿನ ಯುದ್ಧಗಳು, ಒಪ್ಪಂದಗಳು ಸೇರಿಕೊಂಡವು. ಆದರೆ ಒಂದೇ ಆಳ್ವಿಕೆಯಲ್ಲಿದ್ದ ದೊಡ್ಡ ಭಾಗವನ್ನು ಮೊದಲು ತುಂಡರಿಸಿದ್ದು ಆ ವರ್ಷ. ಒಂದೇ ಭಾಷೆಯಾಡುವ ರೈತರು ಮೂರು ಬಗೆಯ ಕಂದಾಯ ಪದ್ಧತಿಗೆ ಒಳಗಾದರು. ಬ್ರಿಟಿಷರ ರಯತವಾರಿ ಪದ್ಧತಿ ರೂಪುಗೊಂಡದ್ದೇ 1792ರಲ್ಲಿ ಕಂಪನಿಗೆ ಸಿಕ್ಕ ಬಾರಾಮಹಲ್‌ನಲ್ಲಿ. ಅಲ್ಲಿ ಅಲೆಗ್ಸಾಂಡರ್ ರೀಡ್‌ನ ಕೈಕೆಳಗೆ ಅದನ್ನು ಕಲಿತ ಮನ್ರೋ ಮುಂದೆ ಕನ್ನಡ ಜಿಲ್ಲೆಯಲ್ಲೂ ಬಳ್ಳಾರಿ ಸೀಮೆಯಲ್ಲೂ ಕೆಲಸ ಮಾಡಿದ. ಶಾಲೆಯ ಭಾಷೆ, ಕಚೇರಿಯ ಭಾಷೆ, ನ್ಯಾಯಾಲಯದ ದೂರ ಎಲ್ಲವೂ ಆಯಾ ಪ್ರಾಂತ್ಯದ ರಾಜಧಾನಿಯನ್ನು ಅವಲಂಬಿಸಿದವು. ಧಾರವಾಡದವರಿಗೆ ಮುಂಬಯಿ, ಮಂಗಳೂರಿನವರಿಗೆ ಮದರಾಸು, ಕೊಪ್ಪಳದವರಿಗೆ ಹೈದರಾಬಾದು.

ಈ ಗೆರೆಗಳನ್ನು ಅಳಿಸಲು ಏಕೀಕರಣ ಚಳವಳಿ ದಶಕಗಳ ಕಾಲ ನಡೆಯಬೇಕಾಯಿತು. 1953ರಲ್ಲಿ ಬಳ್ಳಾರಿಯ ತಾಲ್ಲೂಕುಗಳು ಮೈಸೂರಿಗೆ ಬಂದವು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ಮತ್ತು ಕೊಡಗಿನ ಕನ್ನಡ ಪ್ರದೇಶಗಳು ಮೈಸೂರು ರಾಜ್ಯದಲ್ಲಿ ಒಂದಾದವು, ಕೊಳ್ಳೇಗಾಲವೂ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು ಸೀಮೆಯ ಕನ್ನಡಿಗರು ತಮಿಳುನಾಡಿನಲ್ಲಿ ಉಳಿದರು.

ಗಡಿಭಾಗದ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಪ್ರಶ್ನೆ ಎದ್ದಾಗಲೆಲ್ಲ ನಾವು 1956ರ ರಾಜ್ಯ ಪುನರ್ವಿಂಗಡಣೆಯನ್ನು ದೂರುತ್ತೇವೆ. ಆ ಆಯೋಗದ ಮುಂದಿದ್ದ ಭೂಪಟವೇ ಹಿಂದಿನವರು ಬಿಟ್ಟುಹೋದದ್ದು. ಅದರ ಮೊದಲ ಗೆರೆಗಳನ್ನು ಎಳೆದವರು ಕನ್ನಡವನ್ನಾಗಲಿ ಮಲಯಾಳವನ್ನಾಗಲಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರ ಮುಂದೆ ಇದ್ದದ್ದು ಯಾವ ತಾಲ್ಲೂಕಿನಿಂದ ಎಷ್ಟು ವರಹ ಎಂಬ ಪಟ್ಟಿ. ಆ ವರಹದ ನಾಣ್ಯ ಚಲಾವಣೆಯಿಂದ ಹೋಗಿ ಎರಡು ಶತಮಾನವಾಗುತ್ತ ಬಂತು. ಪಟ್ಟಿಯ ಪ್ರಕಾರ ಬೇರೆಯಾದ ಊರುಗಳಲ್ಲಿ ಕೆಲವು ಇನ್ನೂ ಬೇರೆಯಾಗಿಯೇ ಇವೆ.